ಮಳೆಯ ನಕ್ಷತ್ರವೂ ಹಗೇವಿನ ರಾಗಿಯೂ

ಇತಿಹಾಸವೆಂದೊಡನೆ ಅರಸರ ವಂಶಾವಳಿಯನ್ನೂ ಕಾಳಗಗಳನ್ನೂ ನೆನೆಯುವುದು ನಮ್ಮ ವಾಡಿಕೆ. ಮುಗಿಲನ್ನು ನೋಡಿ ಬಾಳಿದ ಬೇಸಾಯಗಾರನಿಗೂ ಒಂದು ಇತಿಹಾಸವುಂಟು. ಮೈಸೂರು ಸೀಮೆಯ ಬೆದ್ದಲು ಹೊಲಗಳಲ್ಲಿ ಅದನ್ನು ಇಂದಿಗೂ ಓದಬಹುದು.

ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರನ್ನೇ ಇಟ್ಟು, ಉಳುವ ಬಿತ್ತುವ ಹದವನ್ನು ನಮ್ಮ ಹಿರಿಯರು ಗೊತ್ತುಮಾಡಿದರು. ಆದರೆ ನಕ್ಷತ್ರವು ಮಾತು ತಪ್ಪುವುದೆಂಬುದನ್ನೂ ಅವರು ಬಲ್ಲವರಾಗಿದ್ದರು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ರಾಗಿಯ ನಡುವೆ ಅವರೆ ತೊಗರಿಗಳ ಸಾಲುಗಳನ್ನು ಕಂಡು ಬರೆದಿಟ್ಟಿರುವನು. ಇದೇ ಅಕ್ಕಡಿ ಬೇಸಾಯ. ರಾಗಿ ಸೊರಗಿದರೂ ಅವರೆಯು ಹಿಂಗಾರಿನ ಹನಿಯಿಂದಲೂ ಇಬ್ಬನಿಯಿಂದಲೂ ಕಾಯಿಬಿಡುವುದು. ಮಳೆ ತೀರ ತಡವಾದರೆ ಹುರುಳಿಯನ್ನಾದರೂ ಚೆಲ್ಲುವರು. ಸುಗ್ಗಿ ತುಂಬಿದ ವರ್ಷ ಮಿಕ್ಕ ರಾಗಿಯು ಹಗೇವಿಗೆ ಇಳಿಯುತ್ತಿತ್ತು. ಒಳಗೆ ಹುಲ್ಲು ಹಾಸಿ ಬಾಯಿಗೆ ಮಣ್ಣು ಮೆತ್ತಿದ ಆ ನೆಲಗುಂಡಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಈ ಜಾಣ್ಮೆಗೂ ಒಂದು ಮಿತಿಯಿತ್ತು. 1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ಜನರು ಆ ಕಾಲವನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರವೆಂದು ಕರೆದರು. ಹಗೇವುಗಳು ಬರಿದಾದವು; ದನಕರುಗಳು ಅಳಿದವು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಒಂದು ಮಳೆ ತಪ್ಪಿದರೆ ರೈತನಲ್ಲಿ ಉತ್ತರವಿತ್ತು. ಮಳೆಗಳೆಲ್ಲ ಒಟ್ಟಾಗಿ ತಪ್ಪಿದಾಗ ಅವನ ಉತ್ತರಕ್ಕೆ ರಾಜ್ಯದ ಬೆಂಬಲವೂ ಸಕಾಲದಲ್ಲಿ ಬೇಕಾಗಿತ್ತು.

ಈಗ ಭೂಮಿಯೇ ಕಾವೇರಿದೆ. ಬಂದರೆ ಒಮ್ಮೆಲೇ ಸುರಿದು, ಆಮೇಲೆ ವಾರಗಟ್ಟಲೆ ಮುಖ ತೋರದ ಮಳೆಯನ್ನು ಕುರಿತು ಹಳ್ಳಿಯ ಜಗಲಿಗಳಲ್ಲಿ ಮಾತು ನಡೆಯುತ್ತದೆ. 2022ರಲ್ಲಿ ಅತಿವೃಷ್ಟಿಯನ್ನು ಕಂಡ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಮರುವರ್ಷವೇ ಬರಪೀಡಿತವೆಂದು ಘೋಷಿತವಾದವು. ಇಂಥ ಹೊತ್ತಿನಲ್ಲಿ ಹಗೇವುಗಳು ಮುಚ್ಚಿಹೋಗಿವೆ. ಅಕ್ಕಡಿಯ ಸಾಲುಗಳು ವಿರಳವಾಗಿವೆ. ಕೊಳವೆಬಾವಿಯೊಂದನ್ನೇ ನೆಚ್ಚಿ ಒಂದೇ ಬೆಳೆಯನ್ನಿಟ್ಟ ಹೊಲಗಳು ಹೆಚ್ಚಿವೆ.

ಹಳೆಯದೆಲ್ಲವೂ ಮರಳಬೇಕೆಂದು ನಾವು ಹೇಳುತ್ತಿಲ್ಲ. ಹವಾಮಾನ ಶಾಸ್ತ್ರದ ಮುನ್ಸೂಚನೆಯೂ ಅಲ್ಪಾವಧಿಯ ತಳಿಗಳೂ ಇಂದಿನ ರೈತನಿಗೆ ದೊರೆತ ಹೊಸ ಬಲ. ಆದರೆ ಹಿರಿಯರ ಬಲವಿದ್ದುದು ಮಳೆಯನ್ನು ಮುಂದಾಗಿ ಅರಿಯುವುದರಲ್ಲಲ್ಲ. ಒಂದೇ ಮಳೆಗೆ ಬದುಕನ್ನೆಲ್ಲ ಒತ್ತೆಯಿಡದಿರುವುದರಲ್ಲಿ. ಆ ವಿವೇಕವನ್ನು ಮರೆತರೆ ಯಾವ ಮುನ್ಸೂಚನೆಯೂ ನಮ್ಮ ಕಣಜವನ್ನು ತುಂಬಲಾರದು.