ಏರ್‌ಬ್ಯಾಗ್ ಬಿಚ್ಚಿ ನಾರ್ಡಿ ಕೂರಿಸಿದವರು

1964ರಲ್ಲಿ ಇಟಲಿಯ ರೇಸ್ ಚಾಲಕ ಜಾನ್‌ಪಿಯೆರೊ ಮೊರೆಟ್ಟಿ ತನ್ನ ಕಾರಿಗೆಂದೇ ಒಂದು ಸ್ಟೀರಿಂಗ್ ಮಾಡಿಸಿಕೊಂಡ. ಆ ಕಾಲದವಕ್ಕಿಂತ ಚಿಕ್ಕದು, ಹಿಡಿ ಮಾತ್ರ ದಪ್ಪ. ಅದು ಜಾನ್ ಸರ್ಟೀಸ್‌ಗೂ ಹಿಡಿಸಿತು. ಅದೇ ವರ್ಷ ಫೆರಾರಿ ಓಡಿಸಿ ಫಾರ್ಮುಲಾ ಒನ್ ಗೆದ್ದವನು ಆತ. ಮೊರೆಟ್ಟಿಯ ಮೋಮೋ ಕಂಪನಿ ಬೆಳೆದದ್ದು ಹೀಗೆ. ಎನ್ರಿಕೊ ನಾರ್ಡಿಯ ಮರದ ಸ್ಟೀರಿಂಗುಗಳಂತೂ ಅದಕ್ಕೂ ಮೊದಲೇ ಹೆಸರು ಮಾಡಿದ್ದವು.

ಕಾರಿನ ಸ್ಟೀರಿಂಗ್ ತೆಗೆದು ಇಂಥದ್ದನ್ನು ಕೂರಿಸುವವರಿಗೆ ತೊಡಕು ಶುರುವಾದದ್ದು ಏರ್‌ಬ್ಯಾಗ್ ಬಂದಾಗ.

1989ರಲ್ಲಿ ಹೊರಬಂದ ಮಾಜ್ಡಾ ಎಂಎಕ್ಸ್-5 ಕಾರನ್ನೇ ನೋಡಿ. ಜಪಾನಿನ ವಿ-ಸ್ಪೆಷಲ್ ಮಾದರಿಗೆ ಕಂಪನಿಯೇ ನಾರ್ಡಿಯ ಮರದ ಸ್ಟೀರಿಂಗ್ ಕೊಟ್ಟಿತು; ಅಮೆರಿಕಕ್ಕೆ ಹೋದ ಕಾರಿಗೆ ನಡುವೆ ಏರ್‌ಬ್ಯಾಗ್ ಹೊತ್ತ ದಪ್ಪ ಸ್ಟೀರಿಂಗ್. ಅಮೆರಿಕದ ಮಾಲೀಕರಿಗೆ ಹೊಟ್ಟೆಕಿಚ್ಚಾದರೆ ಆಶ್ಚರ್ಯವೇನು? ಅನೇಕರು ಪಾನಾ ಹಿಡಿದರು.

ಕೆಲಸ ಸುಲಭವೆನಿಸುತ್ತದೆ, ಅದೇ ಅಪಾಯ. ಮೊದಲು ಬ್ಯಾಟರಿಯ ತಂತಿ ಕಳಚಿ, ಒಳಗೆ ಉಳಿದ ವಿದ್ಯುತ್ ಇಳಿಯುವವರೆಗೆ ಕಾಯಬೇಕು. ಆಮೇಲೆ ಹಳದಿ ಕನೆಕ್ಟರ್ ಬಿಡಿಸಿ, ಸ್ಟೀರಿಂಗ್ ಕಳಚಿ, ಹೊಸ ಸ್ಟೀರಿಂಗನ್ನು ಕಾರಿಗೆ ಜೋಡಿಸುವ ಬಾಸ್ ಕಿಟ್ ಕೂರಿಸಬೇಕು. ಇಲ್ಲೊಂದು ಹಳೆಯ ಇಟಾಲಿಯನ್ ತಕರಾರು: ಮೋಮೋ, ನಾರ್ಡಿ ಎರಡಕ್ಕೂ ಆರಾರು ಬೋಲ್ಟುಗಳೇ, ಆದರೆ ಅವು ಕೂರುವ ವೃತ್ತದ ವ್ಯಾಸ ಮೋಮೋದಲ್ಲಿ 70 ಮಿಲಿಮೀಟರ್, ನಾರ್ಡಿಯಲ್ಲಿ 74. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಏರ್‌ಬ್ಯಾಗ್ ಇಲ್ಲವೆಂದು ಉರಿಯುವ ಎಚ್ಚರಿಕೆ ದೀಪ ಆರಿಸಲು ಕನೆಕ್ಟರಿಗೆ ಒಂದು ರೆಸಿಸ್ಟರ್ ಸಿಕ್ಕಿಸುವವರಿದ್ದಾರೆ. ಕಂಪ್ಯೂಟರ್ ಮೋಸಹೋಗುತ್ತದೆ, ಡಿಕ್ಕಿ ಹೋಗುವುದಿಲ್ಲ. ಹೆಲ್ಮೆಟ್, ರೇಸಿಂಗ್ ಬೆಲ್ಟ್ ಇರುವ ಟ್ರ್ಯಾಕಿನಲ್ಲಿ ಈ ಬದಲಾವಣೆಗೆ ಅರ್ಥವಿದೆ. ದಿನನಿತ್ಯದ ರಸ್ತೆಯಲ್ಲಿ ಎದೆಯ ಮುಂದೆ ಉಳಿಯುವುದು ಬರಿಯ ಲೋಹ.

ಬಿಚ್ಚಿದ ಏರ್‌ಬ್ಯಾಗನ್ನು ಬೋರಲು ಇಡಬಾರದು. ಅಪ್ಪಿತಪ್ಪಿ ಸಿಡಿದರೆ ಇಡೀ ಪೆಟ್ಟಿಗೆಯೇ ಮೇಲಕ್ಕೆ ಹಾರುತ್ತದೆ.