ವೃತ್ತದೊಳಗಣ ಗ್ರಾಮ: ವೈಟ್‌ಫೀಲ್ಡಿನ ಚರಿತ್ರೆ, ಭೂಗೋಳ ಮತ್ತು ಸಭೆಯ ಕರೆ

ಗ್ರಾಮವೊಂದರ ಚರಿತ್ರೆಗೂ ದೇವಜ್ಞಾನಕ್ಕೂ ಏನು ಸಂಬಂಧವೆಂದು ಕೆಲವು ವಾಚಕರು ಕೇಳಬಹುದು. ಸತ್ಯವೇದವನ್ನು ಕ್ರಮವಾಗಿ ಓದಿದವರಿಗೆ ಈ ಸಂಬಂಧ ಹೊಸದಲ್ಲ. ಅಬ್ರಹಾಮನು ಸಾರಳ ಸಮಾಧಿಗಾಗಿ ಬೆಲೆ ಕೊಟ್ಟು ಕೊಂಡ ಮಕ್ಪೇಲದ ಹೊಲ, ಅಹಾಬನು ಕಿತ್ತುಕೊಂಡ ನಾಬೋತನ ದ್ರಾಕ್ಷೇತೋಟ, ಮುತ್ತಿಗೆಯ ನಡುವೆ ಯೆರೆಮೀಯನು ಕೊಂಡ ಅನಾತೋತಿನ ಭೂಮಿ ಇವೆಲ್ಲವೂ ನೆಲದ ಕಥೆಗಳೇ. ಭೂಮಿ ಯಾರದು, ಅದರ ಮೇಲೆ ಯಾರು ಪರದೇಶಿ, ಯಾರು ನಿವಾಸಿ ಎಂಬ ಪ್ರಶ್ನೆಯನ್ನು ಯಾಜಕಕಾಂಡದ 25ನೆಯ ಅಧ್ಯಾಯವು ಎತ್ತಿ, ಭೂಮಿ ದೇವರದೆಂದೂ ನಾವೆಲ್ಲರೂ ಆತನ ಬಳಿಯಲ್ಲಿ ಇಳಿದುಕೊಂಡವರೆಂದೂ ತೀರ್ಪು ಕೊಡುತ್ತದೆ. ಈ ತೀರ್ಪಿನ ಬೆಳಕಿನಲ್ಲಿ ಬೆಂಗಳೂರಿನ ಪೂರ್ವದಂಚಿನ ಒಂದು ಚಿಕ್ಕ ಕ್ರೈಸ್ತ ಗ್ರಾಮವನ್ನು ನೋಡುವುದು ಈ ಲೇಖನದ ಉದ್ದೇಶ. ವೈಟ್‌ಫೀಲ್ಡ್ ಎಂಬ ಹೆಸರು ಇಂದು ಗಣಕತಂತ್ರಾಂಶದ ಕಚೇರಿಗಳಿಗೆ ಪರ್ಯಾಯಪದವಾಗಿದೆ. ಅದು ಒಂದು ಜನಾಂಗದ ಆಶ್ರಯಸ್ಥಾನವಾಗಿ ಹುಟ್ಟಿತೆಂಬುದನ್ನು ಅಲ್ಲಿಗೆ ಸೇವೆಗೆ ಹೋಗುವ ಸಭಾಪಾಲಕರು ತಿಳಿದಿರಬೇಕು.

ನೆಲದ ಸ್ವರೂಪ

ವೈಟ್‌ಫೀಲ್ಡ್ ಬೆಂಗಳೂರು ಪ್ರಸ್ಥಭೂಮಿಯ ಪೂರ್ವದ ಇಳಿಜಾರಿನಲ್ಲಿದೆ. ಮಣ್ಣು ಕೆಂಪು, ಮಳೆಯನ್ನು ನಂಬಿದ ಬೇಸಾಯ, ರಾಗಿ, ಅವರೆ, ಹುರುಳಿ ಇಲ್ಲಿಯ ಹಳೆಯ ಬೆಳೆಗಳು. ತುಂಬಿ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಜನರು ತಗ್ಗುಗಳಿಗೆ ಏರಿ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸರಪಣಿಯನ್ನು ನಿರ್ಮಿಸಿದರು. ನಗರದ ಒಂದು ದೊಡ್ಡ ಭಾಗದ ನೀರು ಬೆಳ್ಳಂದೂರು ಕೆರೆಯನ್ನು ಸೇರಿ, ಅಲ್ಲಿಂದ ವೈಟ್‌ಫೀಲ್ಡಿನ ದಕ್ಷಿಣಕ್ಕಿರುವ ವರ್ತೂರು ಕೆರೆಗೆ ಇಳಿದು, ಕಡೆಗೆ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಅಂದರೆ ಈ ಪ್ರದೇಶವು ನಗರದ ಕೆಳಮಗ್ಗುಲಲ್ಲಿದೆ. ಮೇಲಿನವರು ಹರಿಯಬಿಟ್ಟದ್ದು ಇಲ್ಲಿಗೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ವರ್ತೂರಿನ ಕೋಡಿಯಲ್ಲಿ ನೊರೆ ಬೆಟ್ಟದಂತೆ ಎದ್ದುದನ್ನೂ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ನಾವೆಲ್ಲರೂ ಬಲ್ಲೆವು.

ಕಾಡುಗೋಡಿ, ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ವರ್ತೂರು ಮೊದಲಾದ ಹಳ್ಳಿಗಳು ಸುತ್ತಲೂ ಹಿಂದಿನಿಂದ ಇದ್ದವು. ಇವುಗಳಲ್ಲಿ ಒಂದರ ಹೆಸರಿನಲ್ಲಿರುವ ‘ಅಗ್ರಹಾರ’ ಎಂಬ ಪದವನ್ನು ಗಮನಿಸಬೇಕು. ಆಳುವವರು ವಿದ್ವಾಂಸರಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟುಕೊಟ್ಟು ನೆಲೆಗೊಳಿಸಿದ ಊರಿಗೆ ಆ ಹೆಸರು. ಅರಸನ ಆಜ್ಞೆಯಿಂದ ಒಂದು ಸಮುದಾಯಕ್ಕೆ ನೆಲ ಸಿಗುವುದೂ, ಉಳುವವರು ಅದರ ಅಂಚಿನಲ್ಲಿ ಉಳಿಯುವುದೂ ಈ ಸೀಮೆಗೆ ಹೊಸತಾಗಿರಲಿಲ್ಲ.

1882ರ ದತ್ತಿ

ಯುರೇಷಿಯನ್ನರೆಂದು ಆಗ ಕರೆಯಲ್ಪಡುತ್ತಿದ್ದ ಜನರು ಯುರೋಪಿಯನ್ ತಂದೆಯರ ಮತ್ತು ಭಾರತೀಯ ತಾಯಂದಿರ ಸಂತತಿಯವರು. ಈಸ್ಟ್ ಇಂಡಿಯಾ ಕಂಪನಿಯು 18ನೆಯ ಶತಮಾನದ ಕೊನೆಯಲ್ಲಿ ಇವರನ್ನು ತನ್ನ ಉನ್ನತ ಸೇವೆಗಳಿಂದ ಹೊರಗಿಟ್ಟಿತು. ಮುಂದೆ ರೈಲು, ತಂತಿ, ಸುಂಕದ ಇಲಾಖೆಗಳು ಇವರಿಗೆ ಅನ್ನ ಕೊಟ್ಟವು. ಆದರೆ ನೌಕರಿ ಮುಗಿದ ಮೇಲೆ ಹೋಗುವುದಕ್ಕೆ ಊರಿಲ್ಲ. ಆಂಗ್ಲರು ಇವರನ್ನು ತಮ್ಮವರೆನ್ನಲಿಲ್ಲ. ನಮ್ಮ ಜಾತಿವ್ಯವಸ್ಥೆಯಲ್ಲಿಯೂ ಇವರಿಗೆ ಸ್ಥಳವಿರಲಿಲ್ಲ. 1911ರಲ್ಲಿ ಸರಕಾರವು ‘ಆಂಗ್ಲೋ-ಇಂಡಿಯನ್’ ಎಂಬ ಹೆಸರನ್ನು ಇವರಿಗೆ ಅಧಿಕೃತವಾಗಿ ಅನ್ವಯಿಸಿತು. ಮುಂದೆ ನಮ್ಮ ಸಂವಿಧಾನದ 366ನೆಯ ಅನುಚ್ಛೇದವು ಅದಕ್ಕೆ ವ್ಯಾಖ್ಯೆ ಕೊಟ್ಟಿತು. ಹೆಸರು ದೊರೆತರೂ ನೆಲ ದೊರೆಯುವುದು ಬೇರೆಯ ಮಾತು.

ಈ ಕೊರತೆಯನ್ನು ನೀಗಿಸಬೇಕೆಂದು ಮದರಾಸಿನಲ್ಲಿ ಸಂಘ ಕಟ್ಟಿ ದುಡಿದವರು ಡಿ. ಎಸ್. ವೈಟ್. ತಮ್ಮ ಜನರು ನೇಗಿಲು ಹಿಡಿಯಬೇಕು, ಪರಾಧೀನತೆಯನ್ನು ಬಿಡಬೇಕು ಎಂಬುದು ಅವರ ಆಶಯ. 1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಮರಳಿ ಒಡೆಯರ ಕೈಸೇರಿತು. ಅದರ ಮರುವರ್ಷ, 1882ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೃಷಿನೆಲೆಗಳಿಗಾಗಿ ಕೊಟ್ಟರು. ವೈಟ್ ಅವರ ಹೆಸರಿನಿಂದ ಆ ನೆಲೆ ವೈಟ್‌ಫೀಲ್ಡ್ ಆಯಿತು. ಬೆಂಗಳೂರನ್ನು ಮದರಾಸಿಗೆ ಕೂಡಿಸುವ ರೈಲುಮಾರ್ಗವು ಆಗಲೇ ಉತ್ತರದ ಕಡೆಯಿಂದ ಹಾದುಹೋಗುತ್ತಿದ್ದುದು ಈ ಸ್ಥಳದ ದೊಡ್ಡ ಅನುಕೂಲವಾಗಿತ್ತು.

ಊರಿನ ವಿನ್ಯಾಸವೇ ಅದರ ಮನಸ್ಸನ್ನು ಹೇಳುತ್ತದೆ. ನಡುವೆ ಬಯಲು, ಅದರ ಸುತ್ತ ದುಂಡನೆಯ ರಸ್ತೆ, ರಸ್ತೆಯ ಬದಿಯಲ್ಲಿ ತೋಟಗಳಿಂದ ಕೂಡಿದ ಹೆಂಚಿನ ಮನೆಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ. 1886ರಲ್ಲಿ ಮೆಮೋರಿಯಲ್ ಚರ್ಚ್ ಎಂಬ ದೇವಾಲಯ ಎದ್ದಿತು. ಕಥೋಲಿಕರೂ ತಮ್ಮ ದೇವಾಲಯವನ್ನು ಕಟ್ಟಿಕೊಂಡರು. ಹಳ್ಳಿಗಾಡಿನ ಮನೆಗಳು ಬೀದಿಗೆ ಜಗಲಿಯನ್ನು ಚಾಚಿದರೆ, ಈ ಮನೆಗಳು ಒಳಗಿನ ಬಯಲಿಗೆ ಮುಖಮಾಡಿದವು. ಎಲ್ಲಿಯೂ ಸಲ್ಲದವರು ಒಬ್ಬರನ್ನೊಬ್ಬರು ನೋಡಿಕೊಂಡು ಬದುಕುವ ಆಸೆ ಇದರಲ್ಲಿದೆ. ಅದನ್ನು ಹಗುರವಾಗಿ ಟೀಕಿಸುವ ಅಧಿಕಾರ ನಮಗಿಲ್ಲ.

ಕನಸು ನಿಲ್ಲದೆ ಹೋದುದಕ್ಕೆ ಕಾರಣಗಳು ಆ ನೆಲದಲ್ಲಿಯೂ ಇದ್ದವು, ಜನರಲ್ಲಿಯೂ ಇದ್ದವು. ಮಳೆಯಾಶ್ರಯದ ಒಣಭೂಮಿಯು ತಲೆಮಾರುಗಳ ಪರಿಶ್ರಮವನ್ನು ಬೇಡುತ್ತದೆ. ರೈಲು ಮತ್ತು ತಂತಿ ಕಚೇರಿಯ ಅನುಭವವು ಅಲ್ಲಿ ಸಾಲದು. ಮಕ್ಕಳಿಗೆ ಸಂಬಳದ ಕೆಲಸವು ಹೊಲಕ್ಕಿಂತ ಭದ್ರವಾಗಿ ಕಂಡಿತು. ಹೀಗೆ ಕೃಷಿಕರ ಊರಾಗಬೇಕಾಗಿದ್ದುದು ನಿವೃತ್ತರ ಊರಾಯಿತು. 1947ರ ನಂತರ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಕೆನಡಕ್ಕೂ ಹೊರಟುಹೋದವು. 1933ರಲ್ಲಿ ಇಂದಿನ ಜಾರ್ಖಂಡದಲ್ಲಿ ಇದೇ ಜನರಿಗಾಗಿ ಸ್ಥಾಪಿತವಾದ ಮೆಕ್ಲಸ್ಕಿಗಂಜಿನ ಕಥೆಯೂ ಬಹುಮಟ್ಟಿಗೆ ಇದೇ.

ಜರ್ಮನಿಯ ಒಂದು ಗ್ರಾಮ

ಕ್ರೈಸ್ತರನ್ನು ಒಂದೆಡೆ ಸೇರಿಸಿ ಗ್ರಾಮ ಕಟ್ಟುವ ವಿಚಾರವು ಕನ್ನಡ ಸಭೆಗೆ ಪರಿಚಿತವಾದುದೇ; 1850ರ ದಶಕದಲ್ಲಿ ಹೆರ್ಮನ್ ಮೋಗ್ಲಿಂಗರು ಕೊಡಗಿನಲ್ಲಿ ಆನಂದಪುರವನ್ನು ಕಟ್ಟಿದುದನ್ನು ನೆನೆಯಬಹುದು. ಅಂಥ ಗ್ರಾಮಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜರ್ಮನಿಯ ಹೆರ್ನ್‌ಹೂಟ್. ಸಾಕ್ಸನಿಯ ಪೂರ್ವಭಾಗದಲ್ಲಿ, ಚೆಕ್ ಮತ್ತು ಪೋಲೆಂಡ್ ಗಡಿಗಳಿಗೆ ಸಮೀಪವಾಗಿ, ಹೂಟ್‌ಬೆರ್ಗ್ ಎಂಬ ಗುಡ್ಡದ ತಪ್ಪಲಿನಲ್ಲಿ ಅದು ಇದೆ. ಮೊರಾವಿಯದಲ್ಲಿ ಹಿಂಸೆಗೊಳಗಾಗಿ ಬಂದ ನಿರಾಶ್ರಿತರಿಗೆ ಕೌಂಟ್ ಜಿನ್ಜೆಂಡಾರ್ಫನು ತನ್ನ ಜಹಗೀರಿನಲ್ಲಿ ನೆಲ ಕೊಟ್ಟನು. 1722ರ ಜೂನ್ 17ರಂದು ಬಡಗಿ ಕ್ರಿಸ್ಟಿಯಾನ್ ಡಾವಿಡನು ಮೊದಲ ಮರಕ್ಕೆ ಕೊಡಲಿ ಹಾಕಿದನು. ಕರ್ತನ ಕಾವಲು ಎಂಬರ್ಥದ ಹೆಸರನ್ನು ಊರು ಪಡೆಯಿತು.

ವೈಟ್‌ಫೀಲ್ಡಿನಂತೆ ಇದೂ ಪ್ರಭುವಿನ ದತ್ತಿ, ಇದೂ ನೆಲೆತಪ್ಪಿದವರ ಆಶ್ರಯ, ಇಲ್ಲಿಯೂ ಮನೆಗಳು ನಡುಚೌಕದ ಸುತ್ತ ನಿಂತವು. ನಿವಾಸಿಗಳ ಕಲಹದಿಂದ ಊರು ಒಡೆಯುವ ಸ್ಥಿತಿಗೆ ಬಂದಿತ್ತು. 1727ರ ಆಗಸ್ಟ್ 13ರಂದು ನೆರೆಯ ಬೆರ್ಟೆಲ್ಸ್‌ಡಾರ್ಫಿನ ದೇವಾಲಯದಲ್ಲಿ ನಡೆದ ಪ್ರಭುಭೋಜನದಲ್ಲಿ ಅವರು ಸಮಾಧಾನ ಹೊಂದಿದರು. ಐದು ವರ್ಷಗಳಲ್ಲಿ, 1732ರಲ್ಲಿ, ಆ ಪುಟ್ಟ ಊರಿನಿಂದ ಇಬ್ಬರು ಕೈಕಸಬಿನವರು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಗುಲಾಮರಿಗೆ ಸುವಾರ್ತೆ ಸಾರಲು ಹೊರಟರು. ಅವರ ಬಳಿಕ ಗ್ರೀನ್‌ಲ್ಯಾಂಡಿಗೂ ಆಫ್ರಿಕಕ್ಕೂ, ನಮ್ಮ ತರಂಗಂಬಾಡಿಗೂ ಮೊರಾವಿಯನ್ ಸಹೋದರರು ಬಂದರು. ಗುಡ್ಡದ ಮೇಲಿನ ಅವರ ಸಮಾಧಿಭೂಮಿಗೆ ದೇವರ ಹೊಲವೆಂದು ಹೆಸರು. ಅಲ್ಲಿ ಸಾಮಾನ್ಯ ಸಹೋದರ ಸಹೋದರಿಯರ ಕಲ್ಲುಗಳು ಒಂದೇ ಅಳತೆಯಲ್ಲಿ ನೆಲಕ್ಕೆ ಸಮನಾಗಿ ಮಲಗಿವೆ.

ಹೆರ್ನ್‌ಹೂಟನ್ನು ಆದರ್ಶವಾಗಿ ಮಾತ್ರ ಚಿತ್ರಿಸಿದರೆ ನಾವು ಚರಿತ್ರೆಗೆ ಅನ್ಯಾಯ ಮಾಡಿದಂತಾಗುವುದು. ಸೇಂಟ್ ಥಾಮಸಿನಲ್ಲಿ ಸಹೋದರರು ತೋಟ ಕೊಂಡಾಗ ಅದರೊಡನೆ ಗುಲಾಮರನ್ನೂ ಇರಿಸಿಕೊಂಡರು. ಗುಲಾಮರ ಬಳಿ ನಿರ್ವಾಹವಿಲ್ಲದೆ ಹೋದವರು ನೆಲದ ಒಡೆಯರಾದೊಡನೆ ಗುಲಾಮರ ಒಡೆಯರೂ ಆದರು. ಭೂಮಿಯು ಆಶ್ರಯವನ್ನು ಕೊಡುತ್ತದೆ. ಒಡೆತನದ ಶೋಧನೆಯನ್ನೂ ಅದರೊಡನೆ ತರುತ್ತದೆ. ಹೀಗಿದ್ದರೂ ಹೆರ್ನ್‌ಹೂಟಿನ ಜನರು ತಮ್ಮ ಊರನ್ನು ಹೊರಡುವ ಸ್ಥಳವೆಂದು ತಿಳಿದರು. ವೈಟ್‌ಫೀಲ್ಡಿನ ಜನರು ಅದನ್ನು ಕೊನೆಗೂ ಸೇರಿದ ಸ್ಥಳವೆಂದು ತಿಳಿದರು. ಎರಡೂ ಊರುಗಳ ನೆಲೆಗಟ್ಟು ಸಮೀಪವಾಗಿದ್ದರೂ ಚರಿತ್ರೆ ಬೇರೆಯಾದುದಕ್ಕೆ ಈ ಎಣಿಕೆಯ ಭೇದವೂ ಒಂದು ಕಾರಣ.

ಹೊಸ ದತ್ತಿ, ಹೊಸ ವೃತ್ತ

1963ರಲ್ಲಿ ಎಂ. ಎ. ಥಾಮಸ್ ಅವರು ವೈಟ್‌ಫೀಲ್ಡಿನಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರನ್ನು ಸ್ಥಾಪಿಸಿದರು. ಬೇರೆ ಬೇರೆ ಸಭೆಗಳವರೂ ಬೇರೆ ಧರ್ಮದವರೂ ಕೂಡಿ ಸಮಾಜದ ಪ್ರಶ್ನೆಗಳನ್ನು ಚರ್ಚಿಸುವ ಕೇಂದ್ರವು ಒಂದೇ ಜನಾಂಗಕ್ಕೆಂದು ಏರ್ಪಟ್ಟಿದ್ದ ಊರಿಗೆ ಬಂದಿತು. ಹಳೆಯ ವೃತ್ತದ ಪಕ್ಕದಲ್ಲಿಯೇ ತೆರೆದ ಬಾಗಿಲಿನ ಮಾದರಿಯೊಂದು ಇತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಮರೆಯಬಾರದು.

1994ರಲ್ಲಿ ಸಿಂಗಪುರದ ಸಂಸ್ಥೆಗಳು, ಟಾಟಾ ಸಮೂಹ ಮತ್ತು ಕರ್ನಾಟಕ ಸರಕಾರದ ಸಹಭಾಗಿತ್ವದಲ್ಲಿ ಮಾಹಿತಿ ತಂತ್ರಜ್ಞಾನ ಉದ್ಯಾನದ ಯೋಜನೆ ಆರಂಭವಾಯಿತು. ಅದು ನೆಲೆಗೊಂಡದ್ದು ಪಟ್ಟಂದೂರು ಅಗ್ರಹಾರದಲ್ಲಿ. ವಿದ್ವಾಂಸರಿಗೆ ಅರಸರು ಬಿಟ್ಟ ಊರು, ಯುರೇಷಿಯನ್ನರಿಗೆ ಒಡೆಯರು ಕೊಟ್ಟ ಹೊಲ, ಉದ್ಯಮಕ್ಕೆ ಸರಕಾರ ಒದಗಿಸಿದ ಜಾಗ ಹೀಗೆ ಒಂದೇ ಸೀಮೆಯಲ್ಲಿ ಮೂರು ದತ್ತಿಗಳು ಸಾಲಾಗಿ ನಿಂತಿವೆ. ಕಂಪನಿಗಳ ಹಿಂದೆ ಎತ್ತರದ ಅಪಾರ್ಟ್‌ಮೆಂಟುಗಳು ಬಂದವು. ಅವುಗಳಿಗೂ ಸುತ್ತುಗೋಡೆಯಿದೆ, ಕಾವಲುಗಾರರಿದ್ದಾರೆ, ಒಳಗೆ ಹಸಿರು ಬಯಲಿದೆ, ಎಲ್ಲ ಮನೆಗಳೂ ಆ ಬಯಲಿಗೆ ಮುಖಮಾಡಿವೆ. ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳುತ್ತಿದ್ದರೂ ವೃತ್ತದೊಳಗೆ ಕ್ಷೇಮವಾಗಿರಬಹುದೆಂಬ ಆಸೆ ಹೊಸ ಕಟ್ಟಡಗಳಲ್ಲಿ ಮುಂದುವರಿದಿದೆ. 2023ರ ಮಾರ್ಚಿನಲ್ಲಿ ನಮ್ಮ ಮೆಟ್ರೋ ಕಾಡುಗೋಡಿಯವರೆಗೆ ಬಂದಿತು. ನಗರವು ಈಗ ಪೂರ್ಣವಾಗಿ ಈ ಊರನ್ನು ಸೇರಿಸಿಕೊಂಡಿದೆ.

ಗೋಡೆಯ ಹೊರಗೆ ಇರುವವರು ಯಾರು? ಕೆರೆಯಂಗಳದ ಬಳಿ ತಗಡಿನ ಶೆಡ್ಡುಗಳಲ್ಲಿ ಇರುವ ಗಾರೆ ಕೆಲಸದವರು. ಕಲ್ಯಾಣ ಕರ್ನಾಟಕದಿಂದಲೂ ಉತ್ತರ ಭಾರತದ ರಾಜ್ಯಗಳಿಂದಲೂ ಬಂದವರು. ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು. ಹೊಲ ಮಾರಿ ಹಣವನ್ನೂ ಹೊಲವನ್ನೂ ಕಳೆದುಕೊಂಡ ಹಳೆಯ ಹಳ್ಳಿಗರು. ಗೋಡೆಯ ಒಳಗಿರುವವರು ಸುಖಿಗಳೆಂದೂ ಹೇಳಲಾಗದು. ಬೇರೆ ಊರಿನಿಂದ ಬಂದು, ಸಾಲದ ಕಂತು ಕಟ್ಟುತ್ತ, ಕೆಲಸ ಹೋದ ದಿನ ಊರೇ ಇಲ್ಲದವರಾಗುವ ಭಯದಲ್ಲಿ ಇರುವವರು ಅವರಲ್ಲಿ ಅನೇಕರು.

ಸಭೆಗೆ ಬಂದ ಪ್ರಶ್ನೆ

ಸಭಾಪ್ರಾಂತಕ್ಕೆ ನಾವು ಬಳಸುವ ‘ಪ್ಯಾರಿಷ್’ ಎಂಬ ಪದದ ಮೂಲ ಗ್ರೀಕಿನ ‘ಪರೋಯಿಕಿಯ’. ಸ್ವಂತ ಹಕ್ಕಿಲ್ಲದೆ ಮನೆಗಳ ಪಕ್ಕದಲ್ಲಿ ತಂಗಿರುವವನ ವಾಸಕ್ಕೆ ಆ ಪದ ಸಲ್ಲುತ್ತದೆ; ಪೇತ್ರನು ತನ್ನ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ವಿಶ್ವಾಸಿಗಳ ಪ್ರವಾಸಕಾಲಕ್ಕೆ ಇದೇ ಪದವನ್ನು ಬಳಸುತ್ತಾನೆ. ಕಾಲಾಂತರದಲ್ಲಿ ಪರದೇಶಿಯ ವಾಸವನ್ನು ಸೂಚಿಸುತ್ತಿದ್ದ ಪದವು ಗಡಿ ಗುರುತಿಸಿದ ಆಡಳಿತಕ್ಷೇತ್ರವನ್ನು ಸೂಚಿಸತೊಡಗಿತು. ವೈಟ್‌ಫೀಲ್ಡಿನ ಚರಿತ್ರೆ ಈ ಪದವನ್ನು ಅದರ ಮೊದಲ ಅರ್ಥಕ್ಕೆ ಮರಳಿ ಕರೆಯುತ್ತದೆ. ಯಾರಿಗಾಗಿ ಊರು ಕಟ್ಟಲ್ಪಟ್ಟಿತೋ ಅವರಲ್ಲಿ ಹೆಚ್ಚಿನವರು ಹೊರಟುಹೋದರು; ದೇವಾಲಯ ನಿಂತಿದೆ. ಸಭೆಯು ತನ್ನನ್ನು ಕಟ್ಟಿದ ಜನಾಂಗಕ್ಕಿಂತ ಹೆಚ್ಚು ಕಾಲ ಬಾಳುವುದಾದರೆ, ಅದು ಯಾರಿಗಾಗಿ ಬಾಳುತ್ತದೆಂಬುದನ್ನು ನಿರ್ಣಯಿಸಬೇಕಾಗುತ್ತದೆ.

ಈ ನಿರ್ಣಯವು ನಿತ್ಯದ ಕೆಲಸಗಳಲ್ಲಿ ಆಗುವಂಥದು. ಆರಾಧನೆ ಯಾವ ಭಾಷೆಯಲ್ಲಿ ನಡೆಯಬೇಕು? ಭಾನುವಾರವೂ ರಜೆಯಿಲ್ಲದ ಕಾವಲುಗಾರನಿಗೆ ಪ್ರಭುಭೋಜನ ಯಾವ ಹೊತ್ತಿನಲ್ಲಿ ದೊರೆಯಬೇಕು? ವಲಸೆಗಾರನೊಬ್ಬನು ತೀರಿಕೊಂಡರೆ ಸಮಾಧಿಗೆ ಸ್ಥಳ ಯಾರದು? ಸಭೆಯ ಆಸ್ತಿಗೆ ಇಂದು ದೊರೆಯುವ ಬೆಲೆಯು ನಮ್ಮ ವಿವೇಚನೆಯನ್ನು ಮಸುಕುಮಾಡದಂತೆ ಕಾಯುವವರು ಯಾರು? ವರ್ತೂರಿನ ನೊರೆಯ ಕುರಿತು ಮಾತಾಡುವುದು ಸಭಾಪಾಲಕನ ಕರ್ತವ್ಯವೋ ಅಲ್ಲವೋ? ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರ (29ನೆಯ ಅಧ್ಯಾಯ) ಮನೆ ಕಟ್ಟುವುದನ್ನೂ ತೋಟ ನೆಡುವುದನ್ನೂ ನಿಷೇಧಿಸಲಿಲ್ಲ. ಆದರೆ ಅವರ ಕ್ಷೇಮವನ್ನು ತಾವಿರುವ ಇಡೀ ಪಟ್ಟಣದ ಕ್ಷೇಮಕ್ಕೆ ಕಟ್ಟಿಹಾಕಿತು. ಮೇಲಿನ ಮಗ್ಗುಲಿನ ಕೊಳೆ ಕೆಳಗಿನ ಕೆರೆಗೆ ಇಳಿಯುವ ನಾಡಿನಲ್ಲಿ ಈ ಮಾತಿಗೆ ವಿವರಣೆ ಬೇಕಾಗಿಲ್ಲ.

ವೈಟ್ ಅವರ ಜನರು ತಮಗೊಂದು ಸ್ಥಳ ಬೇಕೆಂದು ಬಯಸಿದುದು ತಪ್ಪಲ್ಲ. ಸ್ಥಳವಿಲ್ಲದವರ ಆ ನೋವನ್ನು ಬಲ್ಲ ದೇವಾಲಯವೇ ಇಂದು ಸ್ಥಳವಿಲ್ಲದವರ ನಡುವೆ ನಿಂತಿದೆ. ವೈಟ್‌ಫೀಲ್ಡಿಗಾಗಲಿ, ಇದೇ ಬಗೆಯಲ್ಲಿ ಬೆಳೆಯುತ್ತಿರುವ ಎಲೆಕ್ಟ್ರಾನಿಕ್ ಸಿಟಿಗಾಗಲಿ, ಪೀಣ್ಯಕ್ಕಾಗಲಿ ಸೇವೆಗೆ ನೇಮಕವಾಗುವ ನಮ್ಮ ವಿದ್ಯಾರ್ಥಿಗಳು ಸಭಾದಾಖಲೆಯ ಪುಸ್ತಕವನ್ನು ತೆರೆಯುವುದಕ್ಕೆ ಮುಂಚೆ ಸುತ್ತಲಿನ ಹಳ್ಳಿಗಳನ್ನೂ ಕೆರೆಗಳನ್ನೂ ಶೆಡ್ಡುಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿಬರಲಿ ಎಂಬುದು ನಮ್ಮ ವಿನಂತಿ. ದಾಖಲೆಯಲ್ಲಿ ಹೆಸರಿಲ್ಲದವರು ಆ ದಾರಿಯಲ್ಲಿ ಸಿಗುವರು; ಅವರೂ ಆ ಸಭಾಪ್ರಾಂತದವರೇ.