ಚಂದ್ರಗುತ್ತಿ ಸೀಮೆಯ ಹಬ್ಬಗಳು ಮತ್ತು ಆಚರಣೆಗಳು

ಚಂದ್ರಗುತ್ತಿಯು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಒಂದು ಗ್ರಾಮ. ಇಲ್ಲಿಯ ಬೆಟ್ಟದಲ್ಲಿ ಹಳೆಯ ಕೋಟೆಯೂ ಗುಹೆಯೊಳಗಿರುವ ರೇಣುಕಾಂಬಾ ದೇವಾಲಯವೂ ಇವೆ. ಈ ಸೀಮೆಯ ಹಬ್ಬಗಳು ಬೇಸಾಯದ ಋತುಗಳನ್ನೂ ದೇವಿಯ ಆರಾಧನೆಯನ್ನೂ ಅನುಸರಿಸುತ್ತವೆ.

ಭೂಮಿ ಹುಣ್ಣಿಮೆ

ಆಶ್ವಯುಜ ಮಾಸದ ಹುಣ್ಣಿಮೆಯಂದು ರೈತರು ಭೂಮಿಪೂಜೆ ಮಾಡುತ್ತಾರೆ. ಭತ್ತವು ತೆನೆಗಟ್ಟುವ ಈ ಕಾಲದಲ್ಲಿ ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ, ಬಯಕೆ ತೀರಿಸುವ ಅಡುಗೆಯನ್ನು ಎಡೆಯಿಡುವುದು ವಾಡಿಕೆ. ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ ಬೆಳಗಿನ ಜಾವ ಗದ್ದೆಗೆ ಬೀರುವುದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ದೀವರ ಸಮುದಾಯದ ಮಹಿಳೆಯರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ ಬಣ್ಣದಿಂದ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಎಡೆಯ ಪದಾರ್ಥಗಳನ್ನು ಇದರಲ್ಲಿಯೇ ಗದ್ದೆಗೆ ಒಯ್ಯಲಾಗುತ್ತದೆ.

ದೀಪಾವಳಿ

ಬಲಿಪಾಡ್ಯಮಿಯ ಸುಮಾರಿಗೆ ಗಂಡಸರ ತಂಡಗಳು ಹೊತ್ತಿಸಿದ ದೀಪವನ್ನು ಆರದಂತೆ ಹಿಡಿದು, ರಾತ್ರಿ ಮನೆಮನೆಗೆ ತೆರಳಿ ಹಾಡುತ್ತವೆ. ಇದನ್ನು ಅಂಟಿಗೆ-ಪಂಟಿಗೆ ಎಂದು ಕರೆಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ದೀಪಾವಳಿಯ ನಂತರ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಅಲಂಕರಿಸಿದ ಹೋರಿಯ ಕೊರಳಿಗೆ ಕಟ್ಟಿದ ಕೊಬ್ಬರಿ ಹಾರವನ್ನು ಓಟದ ನಡುವೆ ಕೀಳುವುದು ಯುವಕರ ಸಾಹಸವೆನಿಸಿದೆ. ಹೋರಿ ತಿವಿದು ಸಾವು-ನೋವು ಸಂಭವಿಸುವುದೂ ಉಂಟು.

ರೇಣುಕಾಂಬಾ ಜಾತ್ರೆ

ಜನರು ಗುತ್ಯಮ್ಮನೆಂದು ಕರೆಯುವ ರೇಣುಕಾಂಬೆಯ ಜಾತ್ರೆಯು ಮಾರ್ಚ್ ತಿಂಗಳ ಸುಮಾರಿಗೆ ಜರುಗುತ್ತದೆ. ಜಮದಗ್ನಿ ಋಷಿಯ ಕೋಪಕ್ಕೆ ಗುರಿಯಾದ ರೇಣುಕೆಯು ಓಡಿಬಂದು ಇಲ್ಲಿಯ ಗುಹೆಯಲ್ಲಿ ಮರೆಯಾದಳೆಂಬುದು ಸ್ಥಳೀಯ ಐತಿಹ್ಯ. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ದೇವಾಲಯಕ್ಕೆ ಸಾಗುವ ಬೆತ್ತಲೆ ಸೇವೆ ಹಿಂದೆ ರೂಢಿಯಲ್ಲಿತ್ತು. ಈ ಸೇವೆ ಸಲ್ಲಿಸುತ್ತಿದ್ದವರಲ್ಲಿ ದಲಿತ ಹಾಗೂ ಹಿಂದುಳಿದ ಸಮುದಾಯಗಳ ಮಹಿಳೆಯರೇ ಹೆಚ್ಚಾಗಿದ್ದುದರಿಂದ, ದಲಿತ ಸಂಘರ್ಷ ಸಮಿತಿಯೂ ಪ್ರಗತಿಪರರೂ ಇದನ್ನು ಸ್ತ್ರೀಯರ ಘನತೆಗೆ ಕುಂದೆಂದು ವಿರೋಧಿಸಿದರು. ಇದು ಪರಂಪರೆಯಿಂದ ಬಂದ ಭಕ್ತಿಯೆಂಬುದು ಹರಕೆದಾರರ ನಿಲುವಾಗಿತ್ತು. 1986ರ ಮಾರ್ಚ್‌ನಲ್ಲಿ ಸೇವೆಯನ್ನು ತಡೆಯಲು ನಡೆದ ಪ್ರಯತ್ನವು ಘರ್ಷಣೆಗೆ ತಿರುಗಿತು. ಉದ್ರಿಕ್ತ ಗುಂಪು ಕಾರ್ಯಕರ್ತರು ಮತ್ತು ಪೊಲೀಸರ ಮೇಲೆ ಹಲ್ಲೆ ನಡೆಸಿ, ಮಹಿಳಾ ಪೊಲೀಸರೂ ಸೇರಿದಂತೆ ಹಲವರನ್ನು ವಿವಸ್ತ್ರಗೊಳಿಸಿತು. ಈ ಘಟನೆಯ ನಂತರ ಸರ್ಕಾರವು ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಜಾತ್ರೆ ನಿಲ್ಲಲಿಲ್ಲ, ಭಕ್ತರು ಇಂದಿಗೂ ಗುತ್ಯಮ್ಮನಿಗೆ ಹರಕೆ ಸಲ್ಲಿಸುತ್ತಾರೆ.